ಗಂಜಿ ಹಾಕಿದ ಕಾಲರು

ಇಂಗ್ಲಿಷ್ ಉಪನ್ಯಾಸಕಿಯಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಹೋದ ತಿಂಗಳು ಅಜ್ಜಂಪುರದ ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿದು, ಅದೂ ಇದೂ ಮಾತಾಡಿ, ಕೊನೆಗೆ ಬಂದ ಕೆಲಸ ಹೇಳಿದಳು.

“ಮೇಡಂ, ಆ ವಿಕ್ಟೋರಿಯನ್ ಕಾಲದ ಸಣ್ಣ ನಾವೆಲ್ಲು ಇದೆಯಲ್ಲ, ಅದರ ಲಿಟರರಿ ಡಿವೈಸಸ್ ನೋಟ್ಸು ನಿಮ್ಮ ಹತ್ರ ಇರುತ್ತೆ ಅಂದ್ರು. ಸೋಷಿಯಲ್ ಕ್ರಿಟಿಸಿಸಂ ಬಗ್ಗೆನೂ ಎರಡು ಪುಟ ಇದ್ರೆ ಕೊಡಿ. ಹುಡುಗ್ರಿಗೆ ಬರೆಸ್ಬಿಡ್ತೀನಿ.”

ಬರೆಸಿಬಿಡುವುದು! ಆ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವಳ ಮೇಲಿನ ಸಿಟ್ಟಲ್ಲ, ಪಾಪ, ಅವಳಿಗೆ ಯಾರೂ ಬೇರೆ ದಾರಿ ತೋರಿಸಿಲ್ಲ. ನೋಟ್ಸು ಇಲ್ಲ ಎಂದು ಹೇಳಿ ಕಳಿಸಿದೆ. ಆಮೇಲೆ ಅವಳಂಥವರಿಗಾಗಿ ಇದನ್ನು ಬರೆಯಲು ಕುಳಿತೆ. ಇದರಲ್ಲಿ ನೋಟ್ಸು ಸಿಗುವುದಿಲ್ಲ. ಆ ಪುಸ್ತಕವನ್ನು ಪಾಠ ಮಾಡಹೋಗಿ ನನಗೆ ಏನಾಯಿತು, ನನ್ನಿಂದ ಯಾರಿಗೆ ಏನಾಯಿತು ಎನ್ನುವುದಷ್ಟೇ ಸಿಗುತ್ತದೆ.

ನಾನು ಕೆಲಸ ಮಾಡಿದ್ದು ಒಂದೇ ಸಂಸ್ಥೆಯ ಮೂರು ಕಾಲೇಜುಗಳಲ್ಲಿ. ಮೊದಲು ಕಡೂರು, ನಂತರ ತರೀಕೆರೆ, ಕೊನೆಗೆ ಅಜ್ಜಂಪುರ. ಸಂಸ್ಥೆಯ ಹೆಸರು ಬೇಡ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎನ್ನುವುದೂ ಬೇಡ. ಅದರಿಂದ ನಿಮಗೆ ಮೂರು ಕಾಸಿನ ಪ್ರಯೋಜನವಿಲ್ಲ.

ಪುಸ್ತಕ ಯಾವುದೆಂದು ಗೊತ್ತಿಲ್ಲದವರಿಗೆ ಕಥೆ ಹೇಳಬೇಕು. ಇಂಗ್ಲೆಂಡಿನ ಒಂದು ಬಟ್ಟೆ ಗಿರಣಿಯ ಊರು. ಚಳಿಗಾಲ, ಮಂಜು. ಅಲ್ಲೊಬ್ಬಳು ಅಗಸಗಿತ್ತಿ. ಊರಿನ ದೊಡ್ಡ ಮನುಷ್ಯರ ಅಂಗಿ ಕಾಲರುಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುವವಳು. ಅವಳ ಮಗಳಿಗೆ ಕಾಯಿಲೆ. ಬಡವರ ಆಸ್ಪತ್ರೆಗೆ ಸೇರಿಸಬೇಕಾದರೆ ಆಸ್ಪತ್ರೆ ಸಮಿತಿಯ ಒಬ್ಬ ಸದಸ್ಯರಾದರೂ ‘ಈಕೆ ಒಳ್ಳೆಯ ನಡತೆಯವಳು’ ಎಂದು ಬರೆದುಕೊಡಬೇಕು. ಅವಳು ಮೂವರು ಸದಸ್ಯರ ಬಾಗಿಲಿಗೆ ಹೋಗುತ್ತಾಳೆ. ಮೂವರೂ ಅವಳೇ ಗಂಜಿ ಹಾಕಿದ ಕಾಲರು ತೊಟ್ಟು ಬಾಗಿಲಿಗೆ ಬರುತ್ತಾರೆ, ಒಳ್ಳೊಳ್ಳೆಯ ಮಾತಾಡುತ್ತಾರೆ, ಯಾರೂ ಬರೆದುಕೊಡುವುದಿಲ್ಲ. ಮಗು ಸಾಯುತ್ತದೆ. ಇಷ್ಟನ್ನೂ ಕಥೆಗಾರ ಆ ಸದಸ್ಯರನ್ನು ಹೊಗಳುತ್ತಲೇ ಹೇಳುತ್ತಾನೆ. ಎಂಥ ದಯಾಳುಗಳು, ಎಂಥ ದೈವಭಕ್ತರು ಎನ್ನುತ್ತಲೇ ಮುಗಿಸುತ್ತಾನೆ. ಒಂದು ಕಡೆಯೂ ಬೈಯುವುದಿಲ್ಲ. ಇಡೀ ಪುಸ್ತಕದ ಜೀವ ಇರುವುದೇ ಆ ಹೊಗಳಿಕೆಯಲ್ಲಿ.

ಕಡೂರಿನಲ್ಲಿ ಅದು ನನ್ನ ಮೊದಲ ವರ್ಷ. ಕೈಯಲ್ಲಿ ಚಿನ್ನದ ಪದಕ, ತಲೆಯಲ್ಲಿ ಹನ್ನೆರಡು ಬಗೆಯ ‘ಡಿವೈಸು’. ಐರನಿ ಎಂದರೆ ಇದು, ಸಿಂಬಲ್ ಎಂದರೆ ಇದು ಎಂದು ಬೋರ್ಡಿನ ಮೇಲೆ ಬರೆದೆ. ಮಂಜಿಗೆ ಮನುಷ್ಯನ ಗುಣ ಆರೋಪಿಸಿದ್ದಾರೆ, ಅದಕ್ಕೆ ಇಂಥ ಹೆಸರು ಎಂದು ವ್ಯಾಖ್ಯೆ ಬರೆಸಿದೆ. ಮೊದಲ ಟೆಸ್ಟಿನಲ್ಲಿ ‘ಸಮಿತಿಯ ಸದಸ್ಯರ ಸ್ವಭಾವ ವಿವರಿಸಿ’ ಎಂದು ಕೇಳಿದೆ. ಒಂದು ಉತ್ತರಪತ್ರಿಕೆಯೂ ಬಿಡದೆ ಎಲ್ಲರೂ ಒಂದೇ ಬರೆದಿದ್ದರು: ಸದಸ್ಯರು ಬಹಳ ದಯಾಳುಗಳು, ದೇವರಲ್ಲಿ ಭಯಭಕ್ತಿ ಉಳ್ಳವರು, ಬಡವರ ಬಂಧುಗಳು.

ನಾನು ಆ ಕಟ್ಟನ್ನು ಸ್ಟಾಫ್‌ರೂಮಿಗೆ ತಂದು ಒಂದೊಂದೇ ಓದಿ ನಕ್ಕೆ. ನನ್ನ ಜೊತೆ ಇನ್ನಿಬ್ಬರು ನಕ್ಕರು. ಮೂಲೆಯಲ್ಲಿ ಕುಳಿತಿದ್ದ ಕನ್ನಡ ಉಪನ್ಯಾಸಕರು ಬಸವರಾಜಪ್ಪ ನಗಲಿಲ್ಲ. ನನಗಿಂತ ಇಪ್ಪತ್ತು ವರ್ಷ ಹಿರಿಯರು.

“ನಗೋ ವಿಷಯ ಅಲ್ಲ ಕಣಮ್ಮ ಅದು,” ಎಂದರು. “ಹುಡುಗ್ರು ತಮ್ಮ ಪಾಡಿಗೆ ಓದಿ ಅರ್ಥ ಮಾಡ್ಕೊಂಡು ಬರ್ದಿದ್ದಾರೆ. ದಯಾಳುಗಳು ಅಂತ ಪುಸ್ತಕದಲ್ಲಿದೆ, ದಯಾಳುಗಳು ಅಂತಾನೇ ಬರ್ದವ್ರೆ. ನೀನು ಹೆಸರು ಹೇಳ್ಕೊಟ್ಟೆ, ದನಿ ಕೇಳಿಸ್ಲಿಲ್ಲ.”

“ದನಿ ಹೆಂಗ್ ಕೇಳಿಸೋದು ಸಾರ್?”

“ನಮ್ಮಲ್ಲಿ ಅದಕ್ಕೆ ವ್ಯಾಜಸ್ತುತಿ ಅಂತಾರೆ. ಹೊಗಳೋ ನೆಪದಲ್ಲಿ ತೆಗಳೋದು. ಆದ್ರೆ ಆ ಹೆಸರು ಹೇಳಿದ್ರೂ ಅಷ್ಟೇ, ಪ್ರಯೋಜನ ಇಲ್ಲ. ನಾಳೆ ಬಸ್ಸಲ್ಲಿ ಬರ್ತೀಯಲ್ಲ, ಕಂಡಕ್ಟರ್ ಮಾತು ಕೇಳಿಸ್ಕೋ.”

ನಾನು ಆಗ ಬೀರೂರಿನಿಂದ ಕಡೂರಿಗೆ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಮರುದಿನ ಬಸ್ಸು ಹೊರಟ ಮೇಲೆ ಓಡಿಬಂದು ಹತ್ತಿದ ಒಬ್ಬ ದೊಡ್ಡ ಹೊಟ್ಟೆಯವರಿಗೆ ಕಂಡಕ್ಟರ್ ಕೈ ಮುಗಿದು, “ಬನ್ನಿ ಮಹಾರಾಯ್ರೆ, ಯಾಕಿಷ್ಟು ಬೇಗ ಬಂದ್ಬಿಟ್ರಿ? ಸ್ನಾನ ಪೂಜೆ ಮುಗಿಸ್ಕೊಂಡೇ ಬರೋದಲ್ವಾ, ಕಾಯ್ತಿದ್ವಿ,” ಎಂದ. ಇಡೀ ಬಸ್ಸು ನಕ್ಕಿತು. ತರಗತಿಗೆ ಹೋದವಳೇ ಇದನ್ನೇ ಹೇಳಿದೆ. ಮಕ್ಕಳೂ ನಕ್ಕರು.

“ಕಂಡಕ್ಟರ್ ಅವರನ್ನ ಹೊಗಳಿದ್ನಾ?”

“ಎಲ್ಲಿ ಮೇಡಂ! ಚೆನ್ನಾಗಿ ಉಗ್ದ.”

“ಹಾಗಾದ್ರೆ ಈಗ ಪುಸ್ತಕ ತೆಗೀರಿ.”

ಆ ಒಂದು ಗಂಟೆಯಲ್ಲಿ ತರಗತಿಯ ಗಾಳಿಯೇ ಬದಲಾಯಿತು. ಮೂರನೆಯ ಸದಸ್ಯ ಬಾಗಿಲಲ್ಲಿ ನಿಂತು ಅಗಸಗಿತ್ತಿಗೆ ತಾಳ್ಮೆಯ ಮೇಲೆ ಉಪದೇಶ ಮಾಡುವ ಪುಟಕ್ಕೆ ಬಂದಾಗ ಹಿಂದಿನ ಬೆಂಚಿನ ಸಿಂಗಟಗೆರೆಯ ಹುಡುಗನೊಬ್ಬ ತಟಕ್ಕನೆ ಎದ್ದು ನಿಂತ. “ಮೇಡಂ, ನಮ್ಮಜ್ಜಿ ವಿಧವಾ ಪಿಂಚಣಿಗೆ ಸಹಿ ಹಾಕಿಸ್ಕೊಳ್ಳೋಕೆ ಹೋದಾಗ್ಲೂ ಹಿಂಗೇ ಆಯ್ತು. ಮೂರು ಜನ, ಮೂರು ಬಾಗ್ಲು. ಎಲ್ರೂ ಅಜ್ಜೀ ಕೂತ್ಕೊಳ್ಳಿ ಅಂದ್ರು. ಸಹಿ ಮಾತ್ರ ಯಾರೂ ಹಾಕ್ಲಿಲ್ಲ.”

ಅದೇ ಹೊತ್ತಿಗೆ ಉಪಪ್ರಾಂಶುಪಾಲರು ವರಾಂಡದಲ್ಲಿ ಓಡಾಡುತ್ತಿದ್ದರು. ಸಂಜೆ ನನ್ನನ್ನು ಕರೆಸಿದರು. “ಸಮಾಜ ವಿಮರ್ಶೆ ಅಂತ ಸಿಲಬಸ್ಸಲ್ಲಿ ಇರೋದು ಇಂಗ್ಲೆಂಡಿನ ಸಮಾಜದ್ದು ಮೇಡಂ. ಕಡೂರಿಂದಲ್ಲ. ಅದು ಅಲ್ಲೇ ಇರ್ಲಿ,” ಎಂದರು. ನಾನು ತಲೆಯಾಡಿಸಿ ಬಂದೆ.

ಹೌದು, ತಲೆಯಾಡಿಸಿದೆ. ಮುಂದೆ ಏಳೆಂಟು ವರ್ಷ ಸಮಾಜ ವಿಮರ್ಶೆಯನ್ನು ಇಂಗ್ಲೆಂಡಿನಲ್ಲೇ ಇಟ್ಟೆ. ಕಾಲೇಜಿನ ಎದುರಿನ ಅಂಗಡಿಯಲ್ಲಿ ಮಾರುವ ಗೈಡಿನಲ್ಲಿ ‘ಕಾಲರು ಶ್ರೀಮಂತಿಕೆಯ ಸಂಕೇತ, ಮಂಜು ಅಜ್ಞಾನದ ಸಂಕೇತ’ ಎಂದು ಪಟ್ಟಿ ಹಾಕಿದ್ದರು. ನಾನೂ ಅದನ್ನೇ ಸ್ವಲ್ಪ ಒಳ್ಳೆಯ ಇಂಗ್ಲಿಷಿನಲ್ಲಿ ಬರೆಸಿದೆ. ಮಕ್ಕಳು ಪಾಸಾದರು. ಒಬ್ಬ ಬರಹಗಾರ ಹೊಟ್ಟೆಯ ಸಂಕಟಕ್ಕೆ ಬರೆದದ್ದನ್ನು ನಾವು ತರಕಾರಿ ಹೆಚ್ಚಿದ ಹಾಗೆ ಹೆಚ್ಚಿ, ತಲಾ ಎರಡೆರಡು ಅಂಕದ ಗುಡ್ಡೆ ಹಾಕಿ ಕೊಡುತ್ತೇವೆ. ಅದಕ್ಕೆ ಪಾಠ ಎಂದು ಹೆಸರು.

ತರೀಕೆರೆಗೆ ಬಂದ ಮೇಲೆ ಆ ನಾವೆಲ್ಲು ಮತ್ತೆ ಸಿಲಬಸ್ಸಿಗೆ ಬಂತು. ಅಂತಿಮ ವರ್ಷದ ತರಗತಿಯಲ್ಲಿ ನಾಗವೇಣಿ ಎಂಬ ಹುಡುಗಿ ಇದ್ದಳು. ಲಿಂಗದಹಳ್ಳಿಯ ಕಡೆಯವಳು, ನಮ್ಮ ಸಂಸ್ಥೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇದ್ದಳು. ತಂದೆ ಇರಲಿಲ್ಲ. ತಾಯಿ ಗೌರಮ್ಮ ಊರಿನ ಮನೆಗಳ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುತ್ತಿದ್ದಳು. ಇದು ನನಗೆ ಗೊತ್ತಾದದ್ದು ಪಾಠದ ಮಧ್ಯೆಯೇ. ನಾನು ‘ಸ್ಟಾರ್ಚ್’ ಎನ್ನುವ ಪದಕ್ಕೆ ಅರ್ಥ ಹೇಳುತ್ತಿದ್ದೆ.

“ಸ್ಟಾರ್ಚ್ ಅಂದ್ರೆ ಬಟ್ಟೆಗೆ ಹಾಕೋ ಗಂಜಿ.”

ನಾಗವೇಣಿ ಎದ್ದು ನಿಂತಳು. “ಮೇಡಂ, ಅವ್ಳು ಅವ್ರ ಕಾಲರಿಗೆ ಗಂಜಿ ಹಾಕ್ತಾಳೆ. ಅವ್ಳ ಮಗೀಗೆ ಕುಡಿಯಾಕೆ ಗಂಜಿ ಇಲ್ಲ. ಅಲ್ವಾ?”

ನಾನು ಸೀಮೆಸುಣ್ಣ ಕೆಳಗಿಟ್ಟೆ. ಆ ಪುಸ್ತಕವನ್ನು ಎಷ್ಟು ಸಲ ಓದಿದ್ದೆನೋ. ಅದನ್ನು ಬರೆದವನಿಗೂ ಈ ಮಾತು ಹೊಳೆದಿರಲಾರದು, ಅವನ ಭಾಷೆಯಲ್ಲಿ ಅವೆರಡೂ ಬೇರೆ ಬೇರೆ ಪದ. ನಮ್ಮ ಭಾಷೆಯಲ್ಲಿ ಒಂದೇ. ಅದು ಹೊಳೆಯಲು ತಾಯಿ ಒಲೆಯ ಮೇಲೆ ಗಂಜಿ ಕಾಯಿಸುವುದನ್ನೂ, ಅದು ಯಾವ ಪಾತ್ರೆಗೆ ಹೋಗುತ್ತದೆ ಎನ್ನುವುದನ್ನೂ ದಿನಾ ನೋಡಿ ಬೆಳೆದಿರಬೇಕು.

“ಇದನ್ನ ಪರೀಕ್ಷೆಯಲ್ಲಿ ಬರಿ,” ಎಂದೆ.

ಬರೆದಳು. ನಮ್ಮ ಸಂಸ್ಥೆಯಲ್ಲಿ ಮೂರು ಕಾಲೇಜಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದು ಕಾಲೇಜಿನ ಉತ್ತರಗಳನ್ನು ಇನ್ನೊಂದು ಕಾಲೇಜಿನವರು ತಿದ್ದುತ್ತಿದ್ದರು. ಕಾಲರಿನ ಸಂಕೇತಾರ್ಥ ವಿವರಿಸಿ ಎಂಬ ಪ್ರಶ್ನೆಗೆ ಅವಳು ಒಂದೂವರೆ ಪುಟ ಬರೆದಿದ್ದಳು. ಇಂಗ್ಲಿಷಿನಲ್ಲಿ ಅಲ್ಲಲ್ಲಿ ತಪ್ಪಿತ್ತು, ‘ಗಂಜಿ’ ಎಂಬ ಪದವನ್ನು ಹಾಗೇ ಇಟ್ಟು ಎರಡು ಅರ್ಥವನ್ನೂ ಬಿಡಿಸಿದ್ದಳು. ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ, ಪಕ್ಕದಲ್ಲಿ ‘ಅಪ್ರಸ್ತುತ’ ಎಂದು ಒಂದೇ ಪದ, ಸೊನ್ನೆ. ಪಕ್ಕದಲ್ಲಿ ಕುಳಿತವಳು ಗೈಡಿನ ಮೂರು ಸಾಲನ್ನು ಅಕ್ಷರ ತಪ್ಪದೆ ಇಳಿಸಿದ್ದಳು, ಅವಳಿಗೆ ಪೂರ್ತಿ ಅಂಕ. ತಿದ್ದಿದವರಿಗೆ ಫೋನು ಮಾಡಿ ಜಗಳವಾಡಿದೆ. “ಅಂಕ ಕೊಡೋ ಸ್ಕೀಮಲ್ಲಿ ಇಲ್ದಿದ್ದಕ್ಕೆ ಹೆಂಗ್ರೀ ಕೊಡೋದು?” ಎಂದರು. ಬದುಕಿನಲ್ಲಿ ಇರುವುದು ಸ್ಕೀಮಿನಲ್ಲಿ ಇಲ್ಲದಿದ್ದರೆ ತಪ್ಪು ಬದುಕಿನದ್ದೋ ಸ್ಕೀಮಿನದ್ದೋ? ಕೇಳಿದೆ. ಅವರು ಫೋನು ಇಟ್ಟರು.

ಆ ಸೊನ್ನೆ ನಾಗವೇಣಿಯನ್ನು ಕುಗ್ಗಿಸಲಿಲ್ಲ. ಕಾಲೇಜಿನಲ್ಲಿ ಒಂದು ಗೋಡೆಪತ್ರಿಕೆ ಇತ್ತು. ವಿದ್ಯಾರ್ಥಿಗಳು ಬರೆದದ್ದನ್ನು ನಾನು ನೋಡಿ ಒಪ್ಪಿದ ಮೇಲೆ ಅಂಟಿಸುವುದು ಪದ್ಧತಿ. ಒಂದು ದಿನ ಅವಳು ಎರಡು ಹಾಳೆ ತಂದುಕೊಟ್ಟಳು. ತಲೆಬರಹ ‘ನಮ್ಮ ಕರುಣಾಳು ಸಮಿತಿ’. ಓದಿದೆ.

ಹಾಸ್ಟೆಲಿನ ಸಮಿತಿಯವರಂಥ ದಯಾವಂತರನ್ನು ತಾನು ಎಲ್ಲೂ ಕಂಡಿಲ್ಲ ಎಂದು ಶುರು ಮಾಡಿದ್ದಳು. ಹೆಣ್ಣುಮಕ್ಕಳ ವಿದ್ಯೆಗಾಗಿ ಅವರು ಹಗಲಿರುಳು ಚಿಂತಿಸುತ್ತಾರೆ. ಹೊಟ್ಟೆ ಭಾರವಾದರೆ ಮಧ್ಯಾಹ್ನದ ತರಗತಿಯಲ್ಲಿ ನಿದ್ದೆ ಬಂದೀತೆಂದು ಸಾರನ್ನು ಹಗುರವಾಗಿ ಮಾಡಿಸುತ್ತಾರೆ. ಅದು ಎಷ್ಟು ತಿಳಿಯೆಂದರೆ ತಟ್ಟೆಯಲ್ಲಿ ಮುಖ ನೋಡಿಕೊಂಡು ಜಡೆ ಸರಿಮಾಡಿಕೊಳ್ಳಬಹುದು, ಹಾಗಾಗಿ ಕನ್ನಡಿ ಒಡೆದು ವರ್ಷವಾದರೂ ಯಾರಿಗೂ ತೊಂದರೆಯಾಗಿಲ್ಲ. ಬೇಳೆ ಹುಡುಕಿ ಹುಡುಕಿ ಎಲ್ಲರ ದೃಷ್ಟಿ ಚುರುಕಾಗಿದೆ. ನೀರು ಮೂರು ದಿನಕ್ಕೊಮ್ಮೆ ಬರುವುದರಿಂದ ಸ್ನಾನದ ಹೊತ್ತು ಉಳಿದು ಓದಿಗೆ ಸಿಗುತ್ತದೆ. ಇಂಥ ಸಮಿತಿಗೆ ನಾವು ಸದಾ ಋಣಿಗಳು. ಒಂದು ಬೈಗುಳವಿಲ್ಲ, ಒಂದು ದೂರಿಲ್ಲ. ನಾನು ವರ್ಷಾನುಗಟ್ಟಲೆ ಹೆಸರು ಹೇಳಿ ಬರೆಸಿದ್ದನ್ನು ಅವಳು ಕೈಯಲ್ಲಿ ಹಿಡಿದು ಬಳಸಿದ್ದಳು.

ಅಂಟಿಸಲು ಒಪ್ಪಿಗೆ ಕೊಟ್ಟೆ. ಇದು ನೆನಪಿರಲಿ, ಒಪ್ಪಿಗೆಯ ಸಹಿ ನನ್ನದು.

ಎರಡು ದಿನದ ನಂತರ ಪ್ರಾಂಶುಪಾಲರು ಆ ಗೋಡೆಯ ಮುಂದೆ ಹಾದುಹೋದರು. ತಲೆಬರಹ ಓದಿದರು, ಮೊದಲ ಎರಡು ವಾಕ್ಯ ಓದಿದರು, ಕೊನೆಯ ಸಾಲು ಓದಿದರು. ಬಹಳ ಸಂತೋಷಪಟ್ಟರು. ಮುಂದಿನ ವಾರ ಹಾಸ್ಟೆಲ್ ದಿನಾಚರಣೆ, ಸಮಿತಿಯ ಅಧ್ಯಕ್ಷರೇ ಮುಖ್ಯ ಅತಿಥಿ. “ಈ ಲೇಖನಾನ ಆ ಹುಡುಗೀನೇ ವೇದಿಕೆ ಮೇಲೆ ಓದ್ಲಿ. ಮಕ್ಕಳ ಬಾಯಿಂದಾನೇ ಬಂದ್ರೆ ಅಧ್ಯಕ್ಷರಿಗೂ ಖುಷಿ,” ಎಂದು ನನಗೆ ಹೇಳಿದರು.

ಪೂರ್ತಿ ಓದಿದ್ದೀರಾ ಸಾರ್ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಒಳಗೊಳಗೇ ನಗು ಬಂದಿತ್ತು ಎನ್ನುವುದು ಅರ್ಧ ನಿಜ, ಹೇಳುವ ಧೈರ್ಯ ಇರಲಿಲ್ಲ ಎನ್ನುವುದು ಇನ್ನರ್ಧ. ನಾಗವೇಣಿ ಬಂದು, “ಮೇಡಂ, ನಿಜವಾಗ್ಲೂ ಓದ್ಲಾ?” ಎಂದು ಕೇಳಿದಳು. “ಪ್ರಿನ್ಸಿಪಾಲರೇ ಹೇಳಿದ್ದಾರಲ್ಲ, ಓದು,” ಎಂದೆ. ಇಪ್ಪತ್ತು ವರ್ಷದ ಹುಡುಗಿಯನ್ನು ಮುಂದೆ ಬಿಟ್ಟು ನಾನು ಹಿಂದೆ ನಿಂತೆ.

ಅವಳು ಓದಿದಳು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಅಧ್ಯಕ್ಷರು ಊರಿನ ದೊಡ್ಡ ವ್ಯಾಪಾರಸ್ಥರು, ಹಾಸ್ಟೆಲ್ ಕಟ್ಟಡದ ಕಲ್ಲಿನಲ್ಲಿ ಅವರ ಹೆಸರಿದೆ. ಮೊದಲ ವಾಕ್ಯಕ್ಕೆ ಕೈ ಜೋಡಿಸಿದರು. ಎರಡನೆಯದಕ್ಕೆ ತಲೆದೂಗಿದರು. ಹಗುರವಾದ ಸಾರಿಗೆ ಬಂದಾಗ ಹಾಸ್ಟೆಲಿನ ಹುಡುಗಿಯರು ಸೆರಗು, ದುಪಟ್ಟಾ ಬಾಯಿಗೆ ಒತ್ತಿಕೊಂಡರು. ತಟ್ಟೆಯಲ್ಲಿ ಜಡೆ ಸರಿಮಾಡಿಕೊಳ್ಳುವ ಮಾತಿಗೆ ಸಭಾಂಗಣವೇ ಬಿದ್ದುಹೋಗುವ ಹಾಗೆ ನಗು. ಅಡುಗೆಯವಳೂ ನಕ್ಕಳು. ವೇದಿಕೆಯ ಮೇಲೆ ಕುಳಿತವರಿಗೆ ಎಲ್ಲರಿಗಿಂತ ತಡವಾಗಿ ಅರ್ಥವಾಯಿತು. ಅಧ್ಯಕ್ಷರು ಹಾರ ತೆಗೆದಿಟ್ಟು ಎದ್ದು ಹೋದರು.

ಮರುದಿನ ಬೆಳಿಗ್ಗೆ ಪ್ರಾಂಶುಪಾಲರ ಕೊಠಡಿಗೆ ನಮ್ಮಿಬ್ಬರನ್ನೂ ಕರೆಸಿದರು.

“ಯಾರು ಬರೆಸಿದ್ದು ಇದನ್ನ?”

“ನಾನೇ ಬರ್ದಿದ್ದು ಸಾರ್,” ಎಂದಳು ನಾಗವೇಣಿ.

“ಇಷ್ಟೆಲ್ಲ ಬುದ್ಧಿ ನಿನಗೆಲ್ಲಿಂದ ಬಂತು? ಮೇಡಂ, ನೀವು ಹೇಳ್ಕೊಟ್ರಾ?”

ನಾನು ಹೇಳಿದ ಮಾತು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. “ನಾನು ಸಿಲಬಸ್ಸಲ್ಲಿ ಇರೋದಷ್ಟೇ ಪಾಠ ಮಾಡಿದ್ದೀನಿ ಸಾರ್,” ಎಂದೆ. ನಾಗವೇಣಿ ನನ್ನ ಕಡೆ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಗೊತ್ತಾಯಿತು ಬಿಡಿ ಎನ್ನುವ ಹಾಗೆ ಇತ್ತು.

ಅವಳ ಕೊನೆಯ ಪರೀಕ್ಷೆ ಮುಗಿಯಿತು. ಫಲಿತಾಂಶ ಬಂತು, ಪಾಸಾಗಿದ್ದಳು. ಬಿ.ಎಡ್. ಸೇರಬೇಕಿತ್ತು. ಅದಕ್ಕೆ ಕಾಲೇಜಿನಿಂದ ನಡತೆಯ ಪ್ರಮಾಣಪತ್ರ ಬೇಕು. ಅಧ್ಯಕ್ಷರ ಮುಂದೆ ಕ್ಷಮಾಪಣೆ ಬರೆದುಕೊಡುವ ತನಕ ಕೊಡುವುದಿಲ್ಲ ಎಂದು ಪ್ರಾಂಶುಪಾಲರು ಕುಳಿತರು. ಯಾವ ಕಾಗದಕ್ಕಾಗಿ ಆ ಅಗಸಗಿತ್ತಿ ಮೂರು ಬಾಗಿಲು ಅಲೆದಳೋ ಅದೇ ಕಾಗದ! ಆ ಪುಸ್ತಕವನ್ನು ಸಿಲಬಸ್ಸಿಗೆ ಇಟ್ಟು, ಪಾಠ ಮಾಡಿಸಿ, ಪರೀಕ್ಷೆ ಬರೆಸಿ, ಅಂಕ ಹಾಕಿದ ಅದೇ ಕಾಲೇಜು, ಅದೇ ಕಾಗದ ಹಿಡಿದುಕೊಂಡು ಕುಳಿತಿತ್ತು. ಯಾರಿಗೂ ಏನೂ ಅನಿಸಲಿಲ್ಲ.

ಗೌರಮ್ಮ ಲಿಂಗದಹಳ್ಳಿಯಿಂದ ಬಂದಳು. ಪ್ರಾಂಶುಪಾಲರ ಕೊಠಡಿಯ ಹೊರಗೆ ಬೆಳಿಗ್ಗೆ ಹನ್ನೊಂದರಿಂದ ನಾಲ್ಕರ ತನಕ ನಿಂತಳು. ಬೆಂಚು ಇತ್ತು, ಕೂರಲಿಲ್ಲ. ಒಳಗೆ ಕರೆದಾಗ ಅವರು ಬಹಳ ನಯವಾಗಿಯೇ ಮಾತಾಡಿದರಂತೆ. “ನಮಗೇನು ದ್ವೇಷ ಇಲ್ಲಮ್ಮ, ಮಗಳಿಗೆ ಬುದ್ಧಿ ಹೇಳಿ,” ಎಂದು ಕಳಿಸಿದರಂತೆ. ಆಮೇಲೆ ತಾಯಿ ಮಗಳು ಇಬ್ಬರೂ ನನ್ನ ಹತ್ತಿರ ಬಂದರು.

ನಾನು ಬುದ್ಧಿವಂತಿಕೆಯ ಮಾತಾಡಿದೆ. “ಎರಡು ಸಾಲು ಬರ್ಕೊಟ್ಬಿಡು ನಾಗವೇಣಿ. ನಿನ್ನ ಮುಂದಿನ ಓದು ಮುಖ್ಯ. ತಪ್ಪಾಯ್ತು ಅಂದ್ರೆ ಏನು ಹೋಗುತ್ತೆ?”

“ಮೇಡಂ, ಆ ಪುಸ್ತಕದಲ್ಲಿ ಅವ್ಳು ಹೋಗಿ ಅವ್ರ ಕಾಲಿಗೆ ಬಿದ್ದು ನಂದೇ ತಪ್ಪು ಅಂದಿದ್ರೆ, ನೀವು ನಮಗೆ ಏನಂತ ಪಾಠ ಮಾಡ್ತಿದ್ರಿ?”

ಗೌರಮ್ಮ ಒಂದು ಹೆಜ್ಜೆ ಮುಂದೆ ಬಂದಳು. “ನಂಗೆ ಓದು ಬರಾಕಿಲ್ಲ ಮೇಡಮ್ಮಾರೆ. ಒಂದ್ ಮಾತು ಕೇಳ್ತೀನಿ, ಹೇಳ್ಬಿಡಿ. ಇವ್ಳು ಬರ್ದಿದ್ದು ಸುಳ್ಳಾ?”

“ಇಲ್ಲಮ್ಮ.”

“ಮತ್ತೆ ತೆಪ್ಪು ಅಂತ ಯಾಕ್ ಬರೀಬೇಕು?”

ಅವರನ್ನು ಕಳಿಸಿ ನಾನು ಅಲ್ಲೇ ಕುಳಿತೆ. ಕಡೂರಿನಲ್ಲಿ ತಲೆಯಾಡಿಸಿದ ಸಂಜೆಯಿಂದ ಹಿಡಿದು ಇವತ್ತಿನ ತನಕ ನಾನು ಆ ಪುಸ್ತಕದಿಂದ ಏನು ಕಲಿತೆ ಎಂದು ಕೇಳಿಕೊಂಡೆ. ಮೂರನೆಯ ಬಾಗಿಲಿನಲ್ಲಿ ನಿಂತು ತಾಳ್ಮೆಯ ಉಪದೇಶ ಮಾಡಿದವನಿಗೂ ನನಗೂ ಏನು ವ್ಯತ್ಯಾಸ? ಹಾಳೆ ತೆಗೆದು ಬರೆದೆ. ‘ವ್ಯಂಗ್ಯ ಎಂದರೇನು, ಅದನ್ನು ಹೇಗೆ ಬಳಸುತ್ತಾರೆ ಎಂದು ಈ ವಿದ್ಯಾರ್ಥಿನಿಗೆ ಕಲಿಸಿದವಳು ನಾನು. ಲೇಖನವನ್ನು ಓದಿ, ಒಪ್ಪಿ, ಸಹಿ ಹಾಕಿ ಗೋಡೆಗೆ ಹಾಕಿಸಿದವಳೂ ನಾನು. ವೇದಿಕೆಯ ಮೇಲೆ ಓದಲು ಹೇಳಿದವರು ತಾವು. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಪಾಠವನ್ನು ಇಷ್ಟು ಚೆನ್ನಾಗಿ ಕಲಿತವರು ಮತ್ತೊಬ್ಬರಿಲ್ಲ. ಇದರಲ್ಲಿ ನಡತೆಯ ದೋಷ ಇದ್ದರೆ ಅದನ್ನು ನನ್ನ ಹೆಸರಿಗೆ ಬರೆಯತಕ್ಕದ್ದು.’

ಪ್ರಾಂಶುಪಾಲರು ಓದಿ ಕನ್ನಡಕ ತೆಗೆದರು. “ಇದು ನಿಮ್ಮ ಸರ್ವಿಸ್ ರಿಜಿಸ್ಟರಿಗೆ ಹೋಗುತ್ತೆ, ಗೊತ್ತಲ್ಲ?”

“ಹೋಗ್ಲಿ ಸಾರ್. ಒಂದು ಪ್ರತಿ ಯೂನಿವರ್ಸಿಟಿಗೂ ಕಳಿಸ್ತಿದ್ದೀನಿ. ಲೇಖನದ ನಕಲೂ ಜೊತೇಲಿ ಇದೆ. ಹಾಸ್ಟೆಲ್ ಸಾರು ಹೇಗಿರುತ್ತೆ ಅಂತ ಅವರೂ ಬಂದು ನೋಡ್ಲಿ.”

ಅವರಿಗೆ ವ್ಯಂಗ್ಯ ಅರ್ಥವಾಗದಿದ್ದರೂ ಈ ಮಾತು ಅರ್ಥವಾಯಿತು. ಪ್ರಮಾಣಪತ್ರ ಮೂರು ದಿನದಲ್ಲಿ ಬಂತು. ‘ನಡತೆ: ಉತ್ತಮ’. ಆದರೆ ಅಷ್ಟು ಹೊತ್ತಿಗೆ ಬಿ.ಎಡ್. ಪ್ರವೇಶದ ಕೊನೆಯ ದಿನ ದಾಟಿಹೋಗಿತ್ತು. ನಾಗವೇಣಿ ಆ ಒಂದು ವರ್ಷ ಊರಿನಲ್ಲಿ ತಾಯಿಯ ಜೊತೆ ಇಸ್ತ್ರಿಪೆಟ್ಟಿಗೆ ಹಿಡಿದಳು. ಮುಂದಿನ ವರ್ಷ ಸೇರಿದಳು. ಈಗ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾಳೆ ಎಂದು ಕೇಳಿದ್ದೇನೆ. ನನಗೆ ಪತ್ರ ಬರೆಯುವುದಿಲ್ಲ, ಫೋನೂ ಮಾಡುವುದಿಲ್ಲ. ಮಾಡಬೇಕೆಂದು ನಾನು ಬಯಸುವ ಹಾಗೂ ಇಲ್ಲ. ಆ ಕೊಠಡಿಯಲ್ಲಿ ಮೊದಲ ದಿನವೇ ನಾನು ನಿಜ ಹೇಳಿದ್ದರೆ ಅವಳ ಬದುಕಿನಿಂದ ಒಂದು ವರ್ಷ ಹಾಳಾಗುತ್ತಿರಲಿಲ್ಲ. ಪುರಸ್ಕಾರಗಳ ಸಭೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ನನ್ನನ್ನು ಅಜ್ಜಂಪುರಕ್ಕೆ ಹಾಕಿದರು. ಶಿಕ್ಷೆ ಎಂದುಕೊಂಡು ಹಾಕಿದರು. ಅಜ್ಜಂಪುರ ಆಗಿನ್ನೂ ತಾಲ್ಲೂಕು ಆಗಿರಲಿಲ್ಲ. ನಮ್ಮ ಯಜಮಾನರ ಮನೆ ಇದ್ದದ್ದೇ ಅಲ್ಲಿ, ಹಾಗಾಗಿ ನನಗೆ ಬಸ್ಸಿನ ಓಡಾಟ ತಪ್ಪಿತು. ಶಿಕ್ಷೆ ಕೊಡುವುದರಲ್ಲೂ ಅವರು ವಿಳಾಸ ನೋಡಿರಲಿಲ್ಲ.

ಕಾಲ ಬದಲಾಯಿತು. ಬೋರ್ಡು ಹೋಗಿ ಪ್ರೊಜೆಕ್ಟರ್ ಬಂತು, ಗೈಡು ಹೋಗಿ ಮೊಬೈಲಿನ ವಿಡಿಯೋ ಬಂತು. ಹತ್ತು ನಿಮಿಷದಲ್ಲಿ ಇಡೀ ನಾವೆಲ್ಲು, ಹದಿನೈದು ಡಿವೈಸು. ಮಕ್ಕಳು ಪುಸ್ತಕ ಮುಟ್ಟುವುದೇ ಬೇಡ. ಕೊನೆಯ ವರ್ಷಗಳಲ್ಲಿ ಟೆಸ್ಟು ಕೂಡ ನಾಲ್ಕು ಆಯ್ಕೆಯ ಪ್ರಶ್ನೆಗಳಾದವು. ಒಂದು ಸಲ ‘ಸಮಿತಿಯ ಸದಸ್ಯರ ಬಗ್ಗೆ ಕಥೆಗಾರನ ಧೋರಣೆ ಏನು?’ ಎಂದು ಕೇಳಿದ್ದರು. ಸಂಸ್ಥೆಯಿಂದ ಬಂದ ಸರಿಯುತ್ತರ: ‘ಮೆಚ್ಚುಗೆ’.

ಮೆಚ್ಚುಗೆ! ಕಡೂರಿನಲ್ಲಿ ಮೊದಲ ವರ್ಷದ ನನ್ನ ಮಕ್ಕಳು ಬರೆದ ತಪ್ಪು ಈಗ ಅಧಿಕೃತವಾಗಿ ಸರಿಯುತ್ತರವಾಗಿತ್ತು. ಅವರ ತಪ್ಪಿಗೆ ನನ್ನ ಪಾಠ ಕಾರಣ ಎನ್ನಬಹುದಿತ್ತು. ಇದಕ್ಕೆ ಯಾರ ಪಾಠ ಕಾರಣ? ಆಕ್ಷೇಪಣೆ ಬರೆದೆ. ‘ಸರಿಯುತ್ತರ ಪಟ್ಟಿಯೇ ಅಂತಿಮ’ ಎಂದು ಉತ್ತರ ಬಂತು. ತರಗತಿಯಲ್ಲಿ ಕೇಳಿಸಿಕೊಂಡು ಅರ್ಥ ಮಾಡಿಕೊಂಡು ‘ಖಂಡನೆ’ ಎಂದು ಗುರುತು ಹಾಕಿದ ಮೂವತ್ತು ಮಕ್ಕಳ ಅಂಕ ಹೋಯಿತು. ಪ್ರತಿ ಪತ್ರಿಕೆಯ ಮೇಲೂ ‘ಈ ಉತ್ತರ ಸರಿ’ ಎಂದು ಬರೆದು ಸಹಿ ಹಾಕಿ ಮಕ್ಕಳಿಗೆ ವಾಪಸು ಕೊಟ್ಟೆ. ಅಂಕ ಕೊಡುವ ಅಧಿಕಾರ ನನಗಿರಲಿಲ್ಲ.

ನಿವೃತ್ತಿಗೆ ಎರಡು ವರ್ಷ ಇರುವಾಗ ಅಜ್ಜಂಪುರದ ಹಾಸ್ಟೆಲ್ ಸಮಿತಿಗೆ ಅಧ್ಯಾಪಕರ ಪರವಾಗಿ ನನ್ನ ಹೆಸರು ಬಂತು. ಹಿರಿತನದ ಸರದಿ, ತಪ್ಪಿಸಲು ಅವರಿಗೆ ದಾರಿಯಿರಲಿಲ್ಲ. ತಿಂಗಳಿಗೊಂದು ಸಭೆ, ಬಿಸ್ಕತ್ತು, ಕಾಫಿ, ಸಹಿ. ಸದಸ್ಯರು ಯಾರೂ ಊಟದ ಮನೆಯನ್ನು ನೋಡಿದವರಲ್ಲ. ಮೊದಲ ಸಭೆಯ ಮರುದಿನ ಮಧ್ಯಾಹ್ನ ನಾನು ಯಾರಿಗೂ ಹೇಳದೆ ಹೋಗಿ ಹುಡುಗಿಯರ ಸಾಲಿನಲ್ಲಿ ತಟ್ಟೆ ಹಿಡಿದು ನಿಂತೆ.

ಅಡುಗೆಯ ರತ್ನಮ್ಮ ಸೌಟು ಹಿಡಿದವಳು ಹಾಗೇ ನಿಂತಳು. “ಅಯ್ಯೋ ಮೇಡಂ, ಬತ್ತೀನಿ ಅಂತ ಒಂದ್ ಮಾತು ಹೇಳಿದ್ರೆ ಬೇರೆ ಮಾಡ್ತಿದ್ನಲ್ಲ!”

“ಅದಕ್ಕೇ ಹೇಳ್ಲಿಲ್ಲ ಕಣೇ. ಅವರಿಗೆ ಹಾಕೋದನ್ನೇ ಹಾಕು.”

ಹಾಕಿದಳು. ಮುದ್ದೆ ಗಂಟುಗಂಟು, ಸಾರು ನೀರು. ಅವಳ ತಪ್ಪೂ ಇರಲಿಲ್ಲ, ಅಷ್ಟು ಜನಕ್ಕೆ ಅವಳಿಗೆ ಕೊಡುತ್ತಿದ್ದ ಬೇಳೆ ಒಂದು ಸಣ್ಣ ಡಬ್ಬಿ. ನಾನು ಉಂಡು, ತಟ್ಟೆ ತೊಳೆದಿಟ್ಟು, ಮುಂದಿನ ಸಭೆಯ ದಿನ ಹಾಸ್ಟೆಲಿನ ಸಾರನ್ನು ಒಂದು ಪಾತ್ರೆಯಲ್ಲಿ ತರಿಸಿ ಸದಸ್ಯರ ಮುಂದೆ ಬಿಸ್ಕತ್ತಿನ ಪಕ್ಕದಲ್ಲಿಟ್ಟೆ. ಕುಡಿಯಿರಿ ಎಂದೆ. ಈ ಸಲ ಹೊಗಳಿಕೆ ಇರಲಿಲ್ಲ, ಸುತ್ತಿಬಳಸುವ ಮಾತೂ ಇರಲಿಲ್ಲ. ಒಬ್ಬರು ಸಿಟ್ಟಾಗಿ ಎದ್ದರು. ಇನ್ನೊಬ್ಬರು ಒಂದು ಗುಟುಕು ಕುಡಿದು ಬಿಸ್ಕತ್ತಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಮುಂದಿನ ವಾರದಿಂದ ಬೇಳೆ ಹೆಚ್ಚಾಯಿತು. ನಾನು ಪ್ರತಿ ಸೋಮವಾರ ಹಾಸ್ಟೆಲಿಗೆ ಹೋಗಿ ಉಣ್ಣುತ್ತಿದ್ದೆ. ಆ ಒಂದು ದಿನ ಮಾತ್ರ ಸಾರು ಗಟ್ಟಿಯಿರುವುದು ಗೊತ್ತಾದ ಮೇಲೆ ಸೋಮವಾರ ಬಿಟ್ಟು ಬೇರೆ ಬೇರೆ ದಿನ ಹೋಗತೊಡಗಿದೆ. ಆಗ ಎಲ್ಲ ದಿನವೂ ಗಟ್ಟಿಯಾಯಿತು.

ಕೊನೆಯ ಕೆಲಸದ ದಿನ ಮಧ್ಯಾಹ್ನ ಕಾಲೇಜಿನಲ್ಲಿ ಬೀಳ್ಕೊಡುಗೆಯ ಊಟ ಇಟ್ಟಿದ್ದರು. ಅದನ್ನು ಬಿಟ್ಟು ಹಾಸ್ಟೆಲಿಗೆ ಹೋದೆ. ಪಕ್ಕದಲ್ಲಿ ಕುಳಿತ ಮೊದಲ ವರ್ಷದ ಹುಡುಗಿ ಮುದ್ದೆ ಮುರಿಯುತ್ತಾ ಕೇಳಿದಳು. “ಮೇಡಂ, ನಾಳೆಯಿಂದ ಯಾರು ಬತ್ತಾರೆ?”

ನನಗೆ ಉತ್ತರ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಇದನ್ನು ಓದುತ್ತಿರುವ ನೀವು ಯಾವ ಊರಿನ ಕಾಲೇಜಿಗೆ ಸೇರಿದ್ದೀರೋ, ಅಲ್ಲಿ ಹಾಸ್ಟೆಲ್ ಎಲ್ಲಿದೆ ಎಂದು ಮೊದಲು ಕೇಳಿಕೊಳ್ಳಿ. ಊಟದ ಹೊತ್ತು ಸಾಮಾನ್ಯವಾಗಿ ಒಂದೂವರೆ. ಹೇಳದೆ ಹೋಗಿ. ತಟ್ಟೆ ಅವರೇ ಕೊಡುತ್ತಾರೆ.